ನೋವು ಅಡಗಿತು, ಹುಣ್ಣು?

ಆಕ್ಸೆಟಕೇನ್‌ಗೆ ಸಿಕ್ಕಿರುವ ಹೆಸರು ಅದರ ಯೋಗ್ಯತೆಗಿಂತ ದೊಡ್ಡದು. ನಮ್ಮ ಮೆಡಿಕಲ್ ಶಾಪುಗಳಲ್ಲಿ 'ಗ್ಯಾಸ್ಟ್ರಿಕ್ ಸಿರಪ್' ಕೇಳಿದವರ ಕೈಗೆ ಬರುವ ಕೆಲವು ಬಾಟಲಿಗಳಲ್ಲಿ, 5 ಮಿಲಿ ಆಂಟಾಸಿಡ್‌ಗೆ 10 ಮಿಲಿಗ್ರಾಂನಂತೆ, ಈ ಮರಗಟ್ಟಿಸುವ ಔಷಧ ಬೆರೆತಿರುತ್ತದೆ. ಇದರ ಹಿಂದಿರುವ ರಸಾಯನಶಾಸ್ತ್ರವೇನೋ ಸೊಗಸಾಗಿದೆ. ಲಿಗ್ನೋಕೇನ್‌ನಂಥ ಮರಗಟ್ಟಿಸುವ ಔಷಧಗಳು ಜಠರದ ಆಮ್ಲದಲ್ಲಿ ಅಯಾನುಗಳಾಗಿ, ನರದ ಪೊರೆ ದಾಟಲಾರದೆ ಸೋಲುತ್ತವೆ. ಆಕ್ಸೆಟಕೇನ್ ಆಮ್ಲದಲ್ಲೂ ಕೆಲಸ ಮಾಡುತ್ತದೆ. ಆದರೆ ಅದನ್ನು ಹೊಗಳುವವರು 'ನೋವು ಇಳಿಯಿತು' ಎಂಬಲ್ಲಿಂದ 'ಹುಣ್ಣಿಗೆ ಚಿಕಿತ್ಸೆ' ಎಂಬಲ್ಲಿಗೆ ಒಂದೇ ನೆಗೆತಕ್ಕೆ ಹಾರುತ್ತಾರೆ.

ನನ್ನ ತಕರಾರು ಆ ನೆಗೆತದ ಬಗ್ಗೆ. 1977ರಲ್ಲಿ ಪೀಟರ್ಸನ್ ಮತ್ತು ಸಂಗಡಿಗರು ಸಣ್ಣಕರುಳಿನ ಮೊದಲ ಭಾಗದ ಹುಣ್ಣಿನವರಿಗೆ ದಿನಕ್ಕೆ ಏಳು ಸಲ 30 ಮಿಲಿಯಂತೆ ಬರೀ ಆಂಟಾಸಿಡ್ ಕುಡಿಸಿದರು. ನಾಲ್ಕು ವಾರಕ್ಕೆ 36 ಮಂದಿಯಲ್ಲಿ 28 ಮಂದಿಯ ಹುಣ್ಣು ಮಾಯಿತು. ಹುಸಿಮದ್ದು ಕುಡಿದ 38 ಮಂದಿಯಲ್ಲಿ 17 ಮಂದಿಯದು. ಎಲ್ಲರೂ ಉದ್ಧರಿಸುವುದು ಈ ಅಂಕಿಗಳನ್ನೇ. ನಾನು ಮತ್ತೆ ಮತ್ತೆ ಹೋಗಿ ನಿಲ್ಲುವುದು ಅದೇ ಪ್ರಬಂಧದ ಇನ್ನೊಂದು ಮಾತಿನ ಬಳಿ: ನೋವು ಇದೆಯೋ ಇಲ್ಲವೋ ಎಂಬುದರಿಂದ ಹುಣ್ಣು ಉಳಿದಿದೆಯೋ ಇಲ್ಲವೋ ಎಂದು ಊಹಿಸಲಾಗದು. ನೋವಿಲ್ಲದವರಲ್ಲಿ ಹುಣ್ಣು ಇತ್ತು, ಮಾಯ್ದವರಲ್ಲಿ ನೋವು ಇತ್ತು. ಮರಗಟ್ಟಿಸುವ ವಸ್ತು ಒಂದು ಹನಿಯೂ ಇಲ್ಲದ ಔಷಧದ ಪಾಡೇ ಇದಾದರೆ, ಅದನ್ನು ಬೆರೆಸಿದ ಮೇಲೆ ರೋಗಿಯ 'ಈಗ ಆರಾಮ' ಎಂಬ ಮಾತಿಗೆ ಬೆಲೆಯೆಷ್ಟು? ಮೊದಲೇ ನಂಬಲಾಗದ ಸಾಕ್ಷಿಯ ಬಾಯಿಗೆ ಬಟ್ಟೆ ತುರುಕಿ, ಅವನ ಮೌನವನ್ನು ಒಪ್ಪಿಗೆಯೆಂದು ಬರೆದುಕೊಂಡಂತಾಯಿತು.

ಇಂಥದೇ ಮಿಶ್ರಣದ ಬಗ್ಗೆ ಅಮೆರಿಕದ ತುರ್ತುಚಿಕಿತ್ಸಾ ವೈದ್ಯರ ಜಗಳ ಇನ್ನೂ ವಿಚಿತ್ರ. ಆಂಟಾಸಿಡ್‌ಗೆ ಮಂದ ಲಿಗ್ನೋಕೇನ್ ಸೇರಿಸಿದರೆ ಹೆಚ್ಚು ಉಪಶಮನ ಎಂದರು 1990ರಲ್ಲಿ ವೆಲ್ಲಿಂಗ್ ಮತ್ತು ವಾಟ್ಸನ್. 2003ರಲ್ಲಿ ಬರ್ಮನ್ ಬಳಗ ಯಾರಿಗೆ ಏನು ಕೊಟ್ಟಿದೆಯೆಂದು ರೋಗಿಗಳಿಗೂ ವೈದ್ಯರಿಗೂ ತಿಳಿಸದೆ ಪರೀಕ್ಷಿಸಿ, ಬರೀ ಆಂಟಾಸಿಡ್ಡೇ ಸಾಕು ಎಂದಿತು. ಎರಡು ಪಕ್ಷದವರೂ ಪರಸ್ಪರರ ವಿಧಾನವನ್ನು ಹಳಿಯುತ್ತಾರೆ. ನನಗಂತೂ ಬರ್ಮನ್ ಪಕ್ಷವೇ ಮೇಲು. ಆದರೂ ಇಬ್ಬರೂ ಅಳೆದದ್ದು ಹೊಟ್ಟೆಯುರಿಯನ್ನು, ಹುಣ್ಣನ್ನಲ್ಲ. ಈ ಮಿಶ್ರಣ ಕುಡಿದು ಎದೆನೋವು ಇಳಿದರೆ ಹೃದಯಕ್ಕೇನೂ ಆಗಿಲ್ಲ ಎಂದುಕೊಳ್ಳುವ ಹಳೇ ಚಾಳಿಯಂತೂ ಅಪಾಯವೇ ಸರಿ.

ನೋವು ಹೋಗುವುದೇ ಸಾಲದೇ ಎಂದು ಕೇಳುವ ಕರುಣಾಳುಗಳಿದ್ದಾರೆ. ಒಂದು ರಾತ್ರಿಯ ಉರಿಗೆ ಸಾಕು. ಆದರೆ ವಾರೆನ್ ಮತ್ತು ಮಾರ್ಷಲ್ ಹುಣ್ಣಿಗೆ ಕಾರಣವಾಗುವ ಬ್ಯಾಕ್ಟೀರಿಯಾ ಹಿಡಿದುಕೊಟ್ಟ ಮೇಲೆ ಹೆಚ್ಚಿನ ಹುಣ್ಣುಗಳ ಕಾರಣವನ್ನು ಪತ್ತೆಹಚ್ಚಬಹುದು, ತೆಗೆಯಲೂಬಹುದು. ಹಾಗಿರುವಾಗ ಆಕ್ಸೆಟಕೇನ್ ಪಕ್ಷದವರು ಬೆರೆಸಿದ್ದನ್ನೂ ಬೆರೆಸದ್ದನ್ನೂ ಎದುರುಬದುರಿಟ್ಟು, ಎಂಡೋಸ್ಕೋಪಿಯಲ್ಲಿ ಹುಣ್ಣನ್ನೇ ತೋರಿಸಿ ವಾದಿಸಲಿ. ಲಿಗ್ನೋಕೇನ್ ಆಮ್ಲದಲ್ಲಿ ಸೋಲುತ್ತದೆಂಬ ಪಾಠವನ್ನೇ ಮತ್ತೆ ಒಪ್ಪಿಸಿದರೆ ಸಾಲದು.