ಆರು ಪರಮಾಣುಗಳ ಹಿಂದಿನ ಲೇಪ

117ನೆಯ ಧಾತುವಿನ ಸೃಷ್ಟಿಯನ್ನು ವರದಿ ಮಾಡಿದ, 2010ರ ‘ಫಿಸಿಕಲ್ ರಿವ್ಯೂ ಲೆಟರ್ಸ್’ ಪ್ರಬಂಧವನ್ನು ಹಳೆಯ ಬಿ.ಎಸ್ಸಿ.ಯ ಧೈರ್ಯದ ಮೇಲೆ ಓದಿದೆ. ಅರ್ಧ ಅರ್ಥವಾಗಲಿಲ್ಲವೆಂದು ಒಪ್ಪುತ್ತೇನೆ. ಕಣ್ಣು ನಿಂತದ್ದು ಗುರಿಫಲಕದ ತಯಾರಿಯನ್ನು ಹೇಳುವ ಮೂರು-ನಾಲ್ಕು ವಾಕ್ಯಗಳ ಮೇಲೆ.

ಅಮೆರಿಕದ ಓಕ್ ರಿಡ್ಜ್ ರಿಯಾಕ್ಟರಿನಲ್ಲಿ ಸುಮಾರು 250 ದಿನ ಬೇಯಿಸಿ, ಶುದ್ಧಿಮಾಡಿ ಪಡೆದದ್ದು ಬರೀ 22 ಮಿಲಿಗ್ರಾಂ ಬರ್ಕೇಲಿಯಂ. ರಷ್ಯದ ದಿಮಿತ್ರೋವ್‌ಗ್ರಾದ್‌ನಲ್ಲಿ ಅದನ್ನು ಟೈಟಾನಿಯಂ ಹಾಳೆಗಳ ಮೇಲೆ, ಚದರ ಸೆಂಟಿಮೀಟರಿಗೆ 0.31 ಮಿಲಿಗ್ರಾಂನಂತೆ ಲೇಪಿಸಿದರು. ದಪ್ಪವಾದರೆ ಹುಟ್ಟಿದ ಪರಮಾಣು ಹೊರಬರಲಾರದೆ ಒಳಗೇ ಸಿಕ್ಕಿಕೊಳ್ಳುತ್ತದೆ. ತೀರ ತೆಳುವಾದರೆ ಡಿಕ್ಕಿಗಳೇ ಸಾಲವು. ನೀರುದೋಸೆ ಹುಯ್ಯುವವರಿಗೆ ಈ ಸಂಕಟ ಗೊತ್ತು. ಕ್ಯಾಲ್ಸಿಯಂ ಕಿರಣದ ಕಾವು ಒಂದೇ ಕಡೆ ತಗಲದಂತೆ ಡುಬ್ನಾದಲ್ಲಿ ಫಲಕವನ್ನು ನಿಮಿಷಕ್ಕೆ 1700 ಸುತ್ತು ತಿರುಗಿಸಿದರು. ದೊರೆತದ್ದು ಆರು ಪರಮಾಣು!

ಪ್ರಬಂಧ ಇಷ್ಟನ್ನು ಚೊಕ್ಕವಾಗಿ ಹೇಳುತ್ತದೆ. ದಿಮಿತ್ರೋವ್‌ಗ್ರಾದ್‌ನವರನ್ನೂ ಲೇಖಕರ ಪಟ್ಟಿಯಲ್ಲಿ ಸೇರಿಸಿದೆ. ನನ್ನ ಆಕ್ಷೇಪ ಬಿಟ್ಟುಹೋದದ್ದರ ಬಗ್ಗೆ. 2009ರಲ್ಲಿ ಕಾಗದಪತ್ರ ಸರಿಯಿಲ್ಲವೆಂದು ರಷ್ಯದ ಸುಂಕದವರು ಪೊಟ್ಟಣವನ್ನು ಹಿಂದೆ ಕಳಿಸಿದರು. ಅದು ಐದು ಸಲ ಅಟ್ಲಾಂಟಿಕ್ ದಾಟಬೇಕಾಯಿತು. ಬರ್ಕೇಲಿಯಮ್ಮೋ, ಸುಮಾರು 330 ದಿನಕ್ಕೆ ಅರ್ಧ ಸವೆಯುವ ವಸ್ತು. ಯಾರ ಸಹಿಗೂ ಕಾಯದು. ಸರ್ಕಾರಿ ಫೈಲುಗಳ ನಡುವೆ ಕೂತ ನನಗೆ ಇದೇ ಕಥೆಯ ಮುಖ್ಯ ಅಧ್ಯಾಯ. ವಿಜ್ಞಾನ ಪ್ರಬಂಧದಲ್ಲಿ ಇದಕ್ಕೆ ಜಾಗವಿಲ್ಲ ಎನ್ನಬಹುದು. ಸವೆದ ದಿನಗಳೂ ಪ್ರಯೋಗದ ಲೆಕ್ಕವೇ ಅಲ್ಲವೆ?

2016ರಲ್ಲಿ ಧಾತುವಿಗೆ ಟೆನಸ್ಸೀನ್ ಎಂದು ಹೆಸರಿಟ್ಟಾಗ ಓಕ್ ರಿಡ್ಜ್ ಇರುವ ಟೆನಸ್ಸೀ ರಾಜ್ಯಕ್ಕೆ ಮನ್ನಣೆ ಸಿಕ್ಕಿತು. ಡುಬ್ನಾದ ಹೆಸರು 105ನೆಯ ಧಾತುವಿಗೆ ಮೊದಲೇ ಇತ್ತು. ಲೇಪ ಹಚ್ಚಿದ ದಿಮಿತ್ರೋವ್‌ಗ್ರಾದ್ ಕೋಷ್ಟಕದಲ್ಲಿಲ್ಲ.