ಮನೆ ಸಿಕ್ಕಿತು, ನೆರೆ ಎಲ್ಲಿ?

ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಗೆ ಮಹಾಲಕ್ಷ್ಮಿಯ ದರ್ಶನಕ್ಕೆ ಬರುವವರು ಏನೇನೋ ಬೇಡಿಕೊಳ್ಳುತ್ತಾರೆ. ಅದರಲ್ಲಿ ಸ್ವಂತದ್ದೊಂದು ಮನೆ ಇಲ್ಲದಿರಲಾರದು. ಅದೇ ಸೀಮೆಯ ಶಿರಾದಲ್ಲಿ ಮಲಿಕ್ ರಿಹಾನರ ದರ್ಗಾದ ಮುಂದೆ ಕೈಯೆತ್ತುವವರ ದುಆದಲ್ಲೂ ಅದು ಇದ್ದೇ ಇರುತ್ತದೆ. ಮಧುಗಿರಿ, ಪಾವಗಡದ ಮಳೆ ನಂಬಿದ ಹೊಲಗಳಿಂದ ಮಕ್ಕಳನ್ನು ಓದಿಸಿ ನೌಕರಿಗೆ ಕಳಿಸಿದ ಕುಟುಂಬಗಳು ತುಮಕೂರಿನಲ್ಲೋ ಬೆಂಗಳೂರಿನಲ್ಲೋ ಮನೆ ಹುಡುಕುತ್ತವೆ. ಬೇಡಿಕೆ ಒಂದೇ. ಆದರೆ ಹುಡುಕಾಟದ ದಾರಿ ಎಲ್ಲರಿಗೂ ಒಂದೇ ಅಲ್ಲ.

ಮನೆ ಮಾರುವವರ ಕರಪತ್ರಗಳನ್ನು ನಾವು ಸಾಹಿತ್ಯ ಓದುವಷ್ಟೇ ಶ್ರದ್ಧೆಯಿಂದ ಓದಬೇಕು. 'ಸಂಸಾರಸ್ಥರಿಗೆ ಯೋಗ್ಯವಾದ ಬಡಾವಣೆ' ಎಂಬ ಮಾತು ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಶಾಲೆ, ಆಸ್ಪತ್ರೆ, ನೀರು, ರಸ್ತೆಯ ಅಗಲ ಎಲ್ಲವೂ ಅಲ್ಲಿರುತ್ತವೆ, ನೆರೆಯವರು ಮಾತ್ರ ಇರುವುದಿಲ್ಲ. 'ಯೋಗ್ಯ' ಯಾರ ಸಂಸಾರಕ್ಕೆ ಎಂಬ ಪ್ರಶ್ನೆಗೆ ಉತ್ತರವೂ ಇರುವುದಿಲ್ಲ. ಆ ಉತ್ತರ ಬ್ರೋಕರ್ ನಮ್ಮ ಹೆಸರು ಕೇಳಿದ ಮೇಲೆ ಸಿಗುತ್ತದೆ. ಬೆಳಗ್ಗೆ ಖಾಲಿಯಿದ್ದ ಮನೆ ಹೆಸರು ಹೇಳಿದ ಮೇಲೆ ಸಂಜೆಯೊಳಗೆ ಮಾರಾಟವಾಗಿಬಿಟ್ಟಿರುತ್ತದೆ. ನಮ್ಮಲ್ಲಿ ಹಲವರಿಗೆ ಇದು ಹೊಸತಲ್ಲ.

ಉರ್ದುವಿನಲ್ಲಿ ನೆರೆಯವನಿಗೆ 'ಹಮ್‌ಸಾಯಾ' ಎನ್ನುತ್ತಾರೆ, ಅಂದರೆ ಒಂದೇ ನೆರಳನ್ನು ಹಂಚಿಕೊಂಡವನು. ಕನ್ನಡದಲ್ಲಿ 'ನೆರೆ' ಎಂದರೆ ಪಕ್ಕದವರೂ ಹೌದು, ಪ್ರವಾಹವೂ ಹೌದು. ಮನೆಗಿಂತ ಮೊದಲು ನೆರೆಯನ್ನು ನೋಡು ಎಂಬ ಗಾದೆ ಅರಬಿಯಲ್ಲಿದೆ. ಭಾಷೆಗಳಿಗೆ ಗೊತ್ತಿರುವ ಈ ವಿವೇಕ ನಮ್ಮ ಕಥೆ, ಸಿನಿಮಾ, ನಾಟಕಗಳಲ್ಲಿ ಹೇಗೆ ಬಂದಿದೆ ಎಂಬುದನ್ನು ನೋಡುವುದು ಮನೆ ಕೊಳ್ಳುವವರಿಗೂ ಉಪಯೋಗದ ಕೆಲಸವೆಂದು ನಾವು ಭಾವಿಸುತ್ತೇವೆ.

ಮೊದಲಿಗೆ ಗಿರೀಶ್ ಕಾಸರವಳ್ಳಿಯವರ 'ಮನೆ'. ಟಿ.ಜಿ. ರಾಘವ ಅವರ ಕೃತಿಯನ್ನು ಆಧರಿಸಿ, ತೊಂಬತ್ತರ ದಶಕದ ಹೊಸ್ತಿಲಲ್ಲಿ ಬಂದ ಚಿತ್ರ. ನಾಸಿರುದ್ದೀನ್ ಶಾ ಮತ್ತು ದೀಪ್ತಿ ನವಲ್ ಹಳ್ಳಿಯಿಂದ ನಗರಕ್ಕೆ ಬಂದ ಎಳೆಯ ದಂಪತಿ. ಯಾರ ಹಂಗೂ ಇಲ್ಲದೆ ತಮ್ಮದೇ ಆದ ಬದುಕು ಬೇಕೆಂಬುದು ಅವರ ಆಸೆ. ಸಿಕ್ಕಿದ್ದು ಬಾಡಿಗೆಯ ಕೋಣೆ, ಪಕ್ಕದಲ್ಲಿ ಶೆಡ್ಡು, ರಾತ್ರಿಯಿಡೀ ಸದ್ದು. ಸದ್ದು ಅಡಗಿಸಲು ಅವರು ಪ್ರಭಾವ ಉಳ್ಳವರ ಬಾಗಿಲು ತಟ್ಟುತ್ತಾರೆ. ಸಮಸ್ಯೆ ಹೊರಗಿನದು ಎಂದುಕೊಂಡಿದ್ದವರ ನಡುವೆಯೇ ಬಿರುಕು ಬೆಳೆಯುತ್ತದೆ.

ಈ ಚಿತ್ರದಲ್ಲಿ ನಮಗೆ ಮುಖ್ಯವೆನಿಸುವುದು, ದಂಪತಿಗೆ ನೆರೆಯವರು ಮುಖವಾಗಿ ಕಾಣುವ ಮೊದಲು ಸದ್ದಾಗಿ ಕೇಳಿಸುತ್ತಾರೆ ಎಂಬುದು. ಒಬ್ಬರಿಗೆ ಸದ್ದಾದದ್ದು ಇನ್ನೊಬ್ಬರಿಗೆ ಅನ್ನ. ನೆಮ್ಮದಿಯೆಂದರೆ ಬೇರೆಯವರ ಸದ್ದು ಇಲ್ಲದಿರುವುದು ಎಂದು ತಿಳಿದ ಸಂಸಾರ ಕೊನೆಗೆ ತನ್ನೊಳಗಿನ ಮೌನವನ್ನೂ ತಾಳಲಾರದು. ಇಂದು ಗೋಡೆ, ಗೇಟು, ಕಾವಲುಗಾರನಿರುವ ಬಡಾವಣೆಗಳಲ್ಲಿ ಲಕ್ಷಗಟ್ಟಲೆ ಹಣ ಕೊಟ್ಟು ಕೊಳ್ಳುತ್ತಿರುವುದು ಇದೇ ನೆಮ್ಮದಿಯನ್ನಲ್ಲವೇ?

ಆದರೆ ಈ ದಂಪತಿಗೆ ಕೋಣೆಯಾದರೂ ಸಿಕ್ಕಿತು. ಸಿಗದವರ ಕಥೆಗೆ ನಾವು ಹೊರಗೆ ಹೋಗಬೇಕು. ಅಮೆರಿಕದ ಕಪ್ಪು ಲೇಖಕಿ ಲೊರೇನ್ ಹ್ಯಾನ್ಸ್‌ಬೆರಿ 1959ರಲ್ಲಿ ರಂಗಕ್ಕೆ ತಂದ 'ಎ ರೈಸಿನ್ ಇನ್ ದ ಸನ್' ನಾಟಕದಲ್ಲಿ ಶಿಕಾಗೋದ ಕಪ್ಪು ಕುಟುಂಬವೊಂದು ತೀರಿಹೋದ ತಂದೆಯ ವಿಮೆಯ ಹಣದಿಂದ ಬಿಳಿಯರ ಬಡಾವಣೆಯಲ್ಲಿ ಮನೆ ಕೊಳ್ಳುತ್ತದೆ. ಆಗ ಬಡಾವಣೆಯ ಸಂಘದಿಂದ ಒಬ್ಬ ಸಭ್ಯ ಮನುಷ್ಯ ಬರುತ್ತಾನೆ. ಬೈಯುವುದಿಲ್ಲ, ಬೆದರಿಸುವುದಿಲ್ಲ. ಬರಬೇಡಿ, ಕೊಟ್ಟದ್ದಕ್ಕಿಂತ ಹೆಚ್ಚು ಹಣ ಕೊಡುತ್ತೇವೆ ಎನ್ನುತ್ತಾನೆ. ಇದು ಕಲ್ಪನೆಯಷ್ಟೇ ಆಗಿರಲಿಲ್ಲ. ಲೇಖಕಿಯ ತಂದೆ 1937ರಲ್ಲಿ ಅಂಥ ಕಡೆ ಮನೆ ಕೊಂಡು, ಗುಂಪಿನ ದಾಳಿ ಎದುರಿಸಿ, ಮೊಕದ್ದಮೆಯನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದು 1940ರಲ್ಲಿ ಗೆದ್ದಿದ್ದರು. ವಸತಿಯಲ್ಲಿ ತಾರತಮ್ಯವನ್ನು ತಡೆಯುವ ಕಾನೂನು ಆ ದೇಶದಲ್ಲಿ ಬಂದದ್ದು 1968ರಲ್ಲಿ.

ನಮ್ಮಲ್ಲಿ? ವಿದೇಶದಲ್ಲಿ ಓದಿ 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಹೋದ ಡಾ. ಅಂಬೇಡ್ಕರರಿಗೆ ಆ ಊರಿನಲ್ಲಿ ತಂಗಲು ಜಾಗ ಸಿಗಲಿಲ್ಲ. ಹೆಸರು ಮರೆಸಿಕೊಂಡು ಪಾರ್ಸಿ ಛತ್ರವೊಂದರಲ್ಲಿ ಉಳಿದರು. ಕೆಲವೇ ದಿನಗಳಲ್ಲಿ ಕೋಲು ಹಿಡಿದ ಗುಂಪು ಬಂದು ಹೊರಡಿಸಿತು. ಒಬ್ಬ ಹಿಂದೂ ಗೆಳೆಯ, ಒಬ್ಬ ಕ್ರೈಸ್ತ ಗೆಳೆಯ ಇಬ್ಬರೂ ನೆಪ ಹೇಳಿದರು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಇದನ್ನು ದಾಖಲಿಸಿದ್ದಾರೆ. ಇದು ಯಾವುದೋ ಒಂದು ಧರ್ಮದವರ ದೋಷವಲ್ಲ, ಮನೆಯ ಬಾಗಿಲಲ್ಲಿ ನಿಂತಾಗ ಎಲ್ಲ ಧರ್ಮದವರೂ ಜಾತಿಯವರೇ ಆಗಿಬಿಡುತ್ತಾರೆ. ಸದಸ್ಯತ್ವ ತನ್ನ ಸಮುದಾಯದವರಿಗೆ ಮಾತ್ರ ಎಂಬ ಅಹಮದಾಬಾದಿನ ಪಾರ್ಸಿ ಗೃಹ ಸಹಕಾರ ಸಂಘವೊಂದರ ನಿಯಮವನ್ನು 2005ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಸಂಘ ಕಟ್ಟುವ ಸ್ವಾತಂತ್ರ್ಯ ಗೆದ್ದಿತು. ಬಾಗಿಲ ಹೊರಗೆ ನಿಂತವನ ಸ್ವಾತಂತ್ರ್ಯದ ಕತೆ ಏನು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಮರುವರ್ಷ, 2006ರಲ್ಲಿ, ಸಾಚಾರ್ ಸಮಿತಿಯ ವರದಿ ಬಂತು. ಮುಸ್ಲಿಮರು ತಮಗೆ ಬೇಕಾದಲ್ಲಿ ಮನೆ ಕೊಳ್ಳಲು, ಬಾಡಿಗೆ ಪಡೆಯಲು ಪಡುವ ಪಾಡನ್ನು ಅದು ಗುರುತಿಸಿತು. ಮುಸ್ಲಿಮರು ಹೆಚ್ಚಿರುವ ಪ್ರದೇಶಗಳನ್ನು ಕೆಲವು ಬ್ಯಾಂಕುಗಳು ಸಾಲಕ್ಕೆ ತಕ್ಕದ್ದಲ್ಲದ ವಲಯಗಳೆಂದು ಎಣಿಸುತ್ತಿದ್ದುದನ್ನೂ ಹೇಳಿತು. ಹೊರಗೆ ಮನೆ ಕೊಡುವುದಿಲ್ಲ, ಒಳಗೆ ಸಾಲ ಕೊಡುವುದಿಲ್ಲ. ಹೀಗಾದಾಗ ಇಕ್ಕಟ್ಟಿನ ಗಲ್ಲಿಯ ಸಣ್ಣ ಮನೆಗೂ ಬೆಲೆ ಏರುತ್ತದೆ. ಏಕೆಂದರೆ ಕೊಳ್ಳುವವನಿಗೆ ಬೇರೆ ದಾರಿಯಿಲ್ಲವೆಂಬುದು ಮಾರುವವನಿಗೆ ಗೊತ್ತು. ಆ ಮಾರುವವನು ಅನೇಕ ಸಲ ನಮ್ಮವನೇ ಎಂಬುದನ್ನೂ ಮರೆಯಬಾರದು.

ಇಲ್ಲಿಗೆ ನಿಲ್ಲಿಸಿದರೆ ನಮ್ಮ ವಿಮರ್ಶೆ ಅರ್ಧವಾಗುತ್ತದೆ. 'ನಮ್ಮವರ ನಡುವೆ ಇದ್ದುಬಿಟ್ಟರೆ ಹೆಂಡತಿ ಮಕ್ಕಳು ಸುರಕ್ಷಿತ' ಎಂಬ ಮಾತನ್ನು ಪರೀಕ್ಷಿಸಿದವರು ಬಾನು ಮುಷ್ತಾಕ್. ಅವರ 'ಕರಿ ನಾಗರಗಳು' ಕತೆ 2004ರಲ್ಲಿ ಕಾಸರವಳ್ಳಿಯವರ 'ಹಸೀನಾ' ಆಯಿತು. ಗಂಡ ಬಿಟ್ಟುಹೋದ ಹೆಣ್ಣು ಮಕ್ಕಳೊಂದಿಗೆ ಮಸೀದಿಯ ಮುಂದೆ ನ್ಯಾಯಕ್ಕಾಗಿ ಕೂರುತ್ತಾಳೆ. ಸುತ್ತ ಇರುವವರೆಲ್ಲ ನಮ್ಮವರೇ, ಮುತವಲ್ಲಿಯೂ ನಮ್ಮವನೇ, ನ್ಯಾಯ ಮಾತ್ರ ಇಲ್ಲ. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ ಅವರ ಸಂಕಲನದಲ್ಲಿ ಶಾಯಿಸ್ತಾ ಮಹಲಿನ ಕತೆಯೂ ಇದೆ. ಹೆಂಡತಿಯ ಹೆಸರಿನಲ್ಲಿ ಮಹಲು ಕಟ್ಟಿಸುತ್ತೇನೆ ಎನ್ನುವ ಗಂಡ, ಅವಳು ಬಾಣಂತನದಲ್ಲಿ ತೀರಿಕೊಂಡ ಸ್ವಲ್ಪ ದಿನಗಳಲ್ಲೇ ಇನ್ನೊಂದು ಮದುವೆಯಾಗುತ್ತಾನೆ. ಮನೆಯ ಸುರಕ್ಷಿತತೆಯನ್ನು ಗೋಡೆಯಿಂದ, ಮೊಹಲ್ಲಾದಿಂದ ಅಳೆಯುವವರು ಈ ಎರಡು ಕತೆಗಳನ್ನು ಓದಬೇಕು. ಜೊತೆಗೆ ನಮ್ಮನ್ನೇ ಕೇಳಿಕೊಳ್ಳಬೇಕು: ನಮ್ಮ ಮೊಹಲ್ಲಾದ ಮನೆ ಮಾಲೀಕ ದಲಿತ ಕುಟುಂಬಕ್ಕೆ, ಒಬ್ಬಂಟಿ ಹೆಣ್ಣಿಗೆ ಬಾಡಿಗೆ ಕೊಡುವಾಗ ಹಿಂದೆಮುಂದೆ ನೋಡುವುದಿಲ್ಲವೇ?

ಇನ್ನೊಂದು ಭ್ರಮೆಯಿದೆ. ಹಳ್ಳಿಯಲ್ಲಿ ಎಲ್ಲರೂ ಒಂದಾಗಿದ್ದರು, ನಗರ ಬೇರೆ ಮಾಡಿತು ಎಂಬ ಭ್ರಮೆ. ಬೊಳುವಾರು ಮಹಮದ್ ಕುಂಞಿಯವರ ಮುತ್ತುಪ್ಪಾಡಿಯನ್ನು ನಾವು ಪ್ರೀತಿಸುತ್ತೇವೆ. ಆದರೆ ಅದು ಕಥೆಗಾರ ಕಟ್ಟಿದ ಊರು. ನಿಜದ ಊರುಗಳಲ್ಲಿ ಕೇರಿಗಳಿದ್ದವು, ಬಾವಿಗಳು ಬೇರೆಯಿದ್ದವು. ನಗರಗಳೂ ತಮ್ಮಷ್ಟಕ್ಕೆ ಬೆಳೆದವಲ್ಲ. ಶಿರಾದಿಂದ 12,000 ಕುಟುಂಬಗಳನ್ನು ಟಿಪ್ಪು ಸುಲ್ತಾನ್ ಒತ್ತಾಯದಿಂದ ಒಯ್ದು ಶ್ರೀರಂಗಪಟ್ಟಣದ ಗಂಜಾಂನಲ್ಲಿ ನೆಲೆಗೊಳಿಸಿದ್ದನ್ನು ಮೈಸೂರು ಗೆಜೆಟಿಯರ್ ಹೇಳುತ್ತದೆ. ಆ ಕುಟುಂಬಗಳನ್ನು ನೆರೆಯ ಬಗ್ಗೆ ಯಾರೂ ಕೇಳಲಿಲ್ಲ. 1898ರ ಪ್ಲೇಗಿನ ನಂತರ ಬೆಂಗಳೂರಿನಲ್ಲಿ ಬೆಳೆದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಗಾಳಿ ಬೆಳಕಿಗೆ ಅಗಲ ಬೀದಿಗಳು ಬಂದವು, ಜಾತಿ ಸಮುದಾಯಗಳ ಲೆಕ್ಕಾಚಾರವೂ ಜೊತೆಗೇ ಬಂತು. ರೋಗಕ್ಕೆ ಹೆದರಿ ಊರು ಬಿಟ್ಟವರು ಕೇರಿಯನ್ನು ಬಿಟ್ಟು ಬರಲಿಲ್ಲ.

ಹಾಗಾದರೆ ಮನೆ ಕೊಳ್ಳುವ ಸಾಮಾನ್ಯ ಸಂಸಾರ ಏನು ಮಾಡಬೇಕು? ಕಾಗದಪತ್ರ ನೋಡಲೇಬೇಕು: ಭೂಪರಿವರ್ತನೆ ಆಗಿದೆಯೇ, ಖಾತೆ ಸರಿಯಿದೆಯೇ, ಋಣಭಾರ ಪತ್ರ ಏನು ಹೇಳುತ್ತದೆ, ರೇರಾದಲ್ಲಿ ನೋಂದಣಿ ಬೇಕಾದ ಯೋಜನೆಯಾದರೆ ಆಗಿದೆಯೇ. ನಮ್ಮವರೇ ವಿಂಗಡಿಸಿದ ರೆವಿನ್ಯೂ ಸೈಟು ಎಂಬ ನಂಬಿಕೆಯಿಂದ ಚರಂಡಿ ಬರುವುದಿಲ್ಲ. ಕಾಗದದಲ್ಲಿ ಇಲ್ಲದ್ದನ್ನು ನೋಡಲು ಮಾತ್ರ ಬೀದಿಗೆ ಹೋಗಬೇಕು. ಭಾನುವಾರ ಹಗಲಲ್ಲಷ್ಟೇ ಅಲ್ಲ, ಕತ್ತಲಾದ ಮೇಲೆ, ಮಳೆ ಬಂದ ಮರುದಿನ. ಹೆಣ್ಣುಮಕ್ಕಳು ಸೈಕಲ್ ತುಳಿಯುತ್ತಾರೆಯೇ? ಮನೆಗಳ ಹೆಸರಿನ ಫಲಕಗಳಲ್ಲಿ ಎಷ್ಟು ಬಗೆಯ ಹೆಸರುಗಳಿವೆ? ಅಂಗಡಿಯವನು ಅಪರಿಚಿತರೊಂದಿಗೆ ಹೇಗೆ ಮಾತಾಡುತ್ತಾನೆ? ನಿವಾಸಿಗಳ ಸಂಘದ ನಿಯಮಗಳು ಅಡುಗೆಮನೆಯೊಳಗೆ ಇಣುಕುತ್ತವೆಯೇ? ಒಂದು ಸಾವಾದರೆ ಯಾರು ಬಂದು ನಿಲ್ಲುತ್ತಾರೆ? ಇವಕ್ಕೆ ಉತ್ತರ ಹುಡುಕುವುದರಲ್ಲಿ ಮನೆಯ ಹೆಂಗಸರು ಗಂಡಸರಿಗಿಂತ ಜಾಣರು. ದಿನದ ಬಹುಪಾಲು ಆ ಬೀದಿಯಲ್ಲಿ ಬಾಳಬೇಕಾದವರು ಅವರೇ. ಮುಂಗಡ ಕೊಟ್ಟು ಬಂದ ಮೇಲೆ ಅವರಿಗೆ ತಿಳಿಸುವ ನಮ್ಮ ರೂಢಿ ಬದಲಾಗಬೇಕು.

ಇಷ್ಟು ನೋಡಿದರೂ, ಹೆಸರು ಕೇಳಿ ಬಾಗಿಲು ಮುಚ್ಚುವವರ ಸಮಸ್ಯೆಯನ್ನು ಕೊಳ್ಳುವವರ ಜಾಣತನ ಪರಿಹರಿಸದು. ಅದು ಕಾನೂನಿನ ಕೆಲಸ. ಮನೆ ಮಾರುವಾಗ, ಬಾಡಿಗೆಗೆ ಕೊಡುವಾಗ ಧರ್ಮ ಜಾತಿ ಕೇಳಬಾರದೆಂಬ ಸ್ಪಷ್ಟ ಕಾನೂನಿಗಾಗಿ ನಾವು ಒತ್ತಾಯಿಸಬೇಕು. ಸರಕಾರ ತಾನೇ ಬಡಾವಣೆ ಮಾಡಿ ಅರ್ಜಿ, ಸರದಿ, ಮೀಸಲಾತಿಯ ಮೇಲೆ ನಿವೇಶನ ಹಂಚಿದಾಗ, ಎಷ್ಟೇ ಲೋಪಗಳಿದ್ದರೂ, ಬೇರೆ ಬೇರೆ ಜನ ಒಂದೇ ಬೀದಿಗೆ ಬರಲು ಅವಕಾಶವಿರುತ್ತದೆ. ಆ ಹೊಣೆಯನ್ನು ಖಾಸಗಿಯವರಿಗೆ ಪೂರ್ತಿ ಬಿಟ್ಟುಕೊಡಬಾರದು.

ಕಥೆಗಾರರಿಗೂ ಕೆಲಸ ಬಾಕಿಯಿದೆ. ಹ್ಯಾನ್ಸ್‌ಬೆರಿಯ ನಾಟಕ ಆ ಕುಟುಂಬ ಸಾಮಾನು ಹೊತ್ತು ಹೊರಡುವಲ್ಲಿಗೆ ಮುಗಿಯುತ್ತದೆ. ಹೊಸ ಬೀದಿಯಲ್ಲಿ ಮರುದಿನ ಬೆಳಗ್ಗೆ ಹಾಲು ತರಲು ಹೋದ ತಾಯಿಗೆ ಏನಾಯಿತು, ಎದುರುಮನೆಯವಳು ಮಾತಾಡಿಸಿದಳೇ ಎಂಬುದು ಅಲ್ಲಿಲ್ಲ. ತುಮಕೂರಿನ, ಬೆಂಗಳೂರಿನ ಬಡಾವಣೆಗಳಲ್ಲಿ ಅಂಥ ಮರುದಿನಗಳು ನಿತ್ಯ ಆಗುತ್ತಿವೆ. ಅವುಗಳಲ್ಲಿ ಅವಮಾನವಿದೆ, ಈದಿನ ಪಾಯಸ ಗೋಡೆ ದಾಟಿ ಹೋಗಿ ಯುಗಾದಿಯ ಹೋಳಿಗೆಯಾಗಿ ಮರಳಿ ಬರುವುದೂ ಇದೆ. ಎರಡನ್ನೂ ಬರೆಯುವವರು ಬೇಕು.