ಬಟ್ಟಲ ಮೇಲಿನ ಮಾತು

ಚಿತ್ರದ ಮಾತೊಂದನ್ನು ಬಟ್ಟಲ ಮೇಲೆ ಅಚ್ಚೊತ್ತಿ ಮಾರಿದರೆ ತಪ್ಪೇನು? 1982ರಲ್ಲಿ ಸ್ಪೀಲ್‌ಬರ್ಗರ ‘ಇ.ಟಿ.’ ತೆರೆಕಂಡಾಗ ಅಮೆರಿಕದ ಕಾಮಾರ್ ಸಂಸ್ಥೆ ಮಾಡಿದ್ದು ಇದನ್ನೇ. ಮನೆಗೆ ಫೋನು ಮಾಡಬೇಕೆನ್ನುವ ಅನ್ಯಲೋಕದ ಜೀವಿಯ ತೊದಲುನುಡಿ ಬಟ್ಟಲನ್ನೇರಿತು. ಯೂನಿವರ್ಸಲ್ ಕಂಪೆನಿ ದಾವೆ ಹೂಡಿತು. ಟೆಕ್ಸಾಸಿನ ಫೆಡರಲ್ ನ್ಯಾಯಾಲಯ ಅದರ ವಾದವನ್ನು ಮನ್ನಿಸಿತು.

ಬಿಡಿ ಪದಗುಚ್ಛಕ್ಕೆ ಸಾಮಾನ್ಯವಾಗಿ ಕೃತಿಸ್ವಾಮ್ಯವಿಲ್ಲ, ನಿಜ. ಆದರೆ ಆ ಎರಡು ಮೂರು ಪದ ಕೇಳಿದೊಡನೆ ಕಣ್ಣೆದುರು ನಿಲ್ಲುವುದು ಆ ಪಾತ್ರವೇ. ವ್ಯಾಪಾರಿ ಹಣ ಮಾಡಹೊರಟದ್ದು ಪಾತ್ರದ ಮೇಲಣ ಜನರ ಮಮತೆಯಿಂದ. ಆದ್ದರಿಂದ ತೀರ್ಪು ನನಗೆ ಒಪ್ಪಿಗೆಯೇ.

ಒಂದು ಕೊರಗು ಮಾತ್ರ ಉಳಿಯುತ್ತದೆ. ಚಿತ್ರಕಥೆ ಬರೆದವರು ಮೆಲಿಸಾ ಮ್ಯಾಥಿಸನ್. ದಾವೆ ಹೂಡಿದ್ದು ಕಂಪೆನಿ. ನಮ್ಮ 1957ರ ಕಾಯಿದೆಯಲ್ಲೂ ಚಲನಚಿತ್ರದ ಕರ್ತೃವೆಂದರೆ ನಿರ್ಮಾಪಕ. ಮಾತು ಕಟ್ಟಿದವರ ಹೆಸರು ಬಟ್ಟಲ ಮೇಲೆ ಬಾರದಿದ್ದರೂ ರಸಿಕರ ನೆನಪಿನಲ್ಲಾದರೂ ಉಳಿಯಬೇಡವೆ?